ದಿನಾ ಓಡಿಸೋ ಟ್ರಕ್ಕಿಗೆ ಸಾಲಿಡ್ ಫ್ರಂಟ್ ಆಕ್ಸಲ್ ಹಾಕಿಸಬಹುದಾ?

ಪ್ರಶ್ನೆ: ನಾನು ಕೊಲರಾಡೋದ ಡೆನ್ವರ್ ಹತ್ತಿರ ಇದ್ದೇನೆ. ನನ್ನದು 1994ರ ಟೊಯೋಟಾ ಪಿಕಪ್, ಫೋರ್ ವೀಲ್ ಡ್ರೈವ್. ನಾಲ್ಕು ಸಿಲಿಂಡರಿನ 22ಆರ್‌ಇ ಎಂಜಿನ್, ಐದು ಗೇರು, 31 ಇಂಚಿನ ಟೈರು. ಕೆಲಸಕ್ಕೆ ಹೋಗಿ ಬರೋದು ಇದರಲ್ಲೇ, ದಿನಕ್ಕೆ 45 ಮೈಲಿ, ಹೆಚ್ಚಿನದು ಹೈವೇ. ಬೇರೆ ಗಾಡಿ ಇಲ್ಲ. ವರ್ಷಕ್ಕೆ ಎರಡು ಸಲ ಯೂಟಾದ ಮೋಆಬ್‌ಗೆ ಹೋಗುತ್ತೇನೆ, ಬೇಸಿಗೆಯಲ್ಲಿ ಯೂರೇ ಕಡೆಯ ಬೆಟ್ಟಗಳಿಗೆ. ಕಳೆದ ಸಲ ಮೋಆಬ್‌ನಲ್ಲಿ ಒಂದು ಮೆಟ್ಟಿಲಿನಂಥ ಬಂಡೆ ಹತ್ತಲಾಗದೆ ನಿಂತುಬಿಟ್ಟೆ. ಜೀಪ್ ಇಟ್ಟಿರುವ ಗೆಳೆಯರು ‘ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕಿತ್ತು ಬಿಸಾಕು, ಸಾಲಿಡ್ ಆಕ್ಸಲ್ ಹಾಕಿಸು’ ಅನ್ನುತ್ತಾರೆ. ಒಂದು ಗ್ಯಾರೇಜ್ 12,000 ಡಾಲರ್ ಹೇಳಿದೆ. ಹಾಕಿಸಲಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಕೆಲಸಕ್ಕೆ ಹೋಗೋಕೆ ಇದೊಂದೇ ಗಾಡಿ ಇರೋವರೆಗೆ ಹಾಕಿಸಬೇಡಿ. ಸಾಲಿಡ್ ಆಕ್ಸಲ್ ಅಂದರೆ ಎಡ ಬಲ ಎರಡೂ ಚಕ್ರ ಜೋಡಿಸೋ ಒಂದೇ ಗಟ್ಟಿ ಅಚ್ಚು, ಇಂಡಿಪೆಂಡೆಂಟ್ ಅಂದರೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡೋದು. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ. ಬಂಡೆ ಮೇಲೆ ಸಾಲಿಡ್ ಆಕ್ಸಲ್ ಚೆನ್ನಾಗಿ ಹತ್ತುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಅವರು ನಿಮ್ಮನ್ನು ನೋಡೋದು ವರ್ಷದಲ್ಲಿ ಹತ್ತು ಹನ್ನೆರಡು ದಿನ. ಉಳಿದ ಮುನ್ನೂರೈವತ್ತು ದಿನ ಆ ಸ್ಟಿಯರಿಂಗ್ ಹಿಡಿಯೋದು ನೀವೊಬ್ಬರೇ.

ನಾನು ಈ ಕೆಲಸದ ವಿರೋಧಿ ಅಂತ ತಿಳಿಯಬೇಡಿ. ಇಪ್ಪತ್ತು ವರ್ಷದಿಂದ ಸಸ್ಪೆನ್ಷನ್, ಸ್ಟಿಯರಿಂಗ್ ರಿಪೇರಿಯಲ್ಲೇ ಇದ್ದೇನೆ. ನಿಮ್ಮದರಂಥದೇ ಒಂದು 1989ರ ಪಿಕಪ್ಪಿಗೆ ನಾನೇ ಸಾಲಿಡ್ ಆಕ್ಸಲ್ ಹಾಕಿ ಆರು ವರ್ಷ ಓಡಿಸಿದ್ದೇನೆ. ಅದರ ಸುಖವೂ ಗೊತ್ತು, ಅದು ಕೇಳೋ ಬೆಲೆಯೂ ಗೊತ್ತು. ಎರಡನ್ನೂ ಹೇಳುತ್ತೇನೆ.

ನಾನು ಬೆಳೆದದ್ದು ಸಕಲೇಶಪುರದ ಹತ್ತಿರ. ತೋಟದಲ್ಲಿ ಒಂದು ಮಹೀಂದ್ರಾ ಎಂಎಂ540 ಜೀಪ್ ಇತ್ತು. ಮುಂದೂ ಹಿಂದೂ ಇಡೀ ಒಂದೇ ತುಂಡಿನ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗು, ನಮ್ಮ ಕಡೆ ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಾ ಅಂತಾರಲ್ಲ, ಅದು. ಮಳೆಗಾಲ ಮುಗಿದ ಮೇಲೆ ತೋಟದ ದಾರಿ ಬರೀ ಕೊರಕಲು. ಅಪ್ಪನ ಪಕ್ಕ ಕೂತು ಬಗ್ಗಿ ಚಕ್ರ ನೋಡುತ್ತಿದ್ದೆ. ಎಡಚಕ್ರ ಕಲ್ಲು ಹತ್ತಿದ ಕೂಡಲೇ ಬಲಚಕ್ರ ತಾನಾಗಿ ಕೆಳಗೆ ಒತ್ತಿ ಕೊರಕಲಿನ ತಳ ಹಿಡಿಯುತ್ತಿತ್ತು. ತಕ್ಕಡಿ ಇದ್ದ ಹಾಗೆ, ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕಡೆ ಕೆಳಗೆ. ನಾಲ್ಕೂ ಚಕ್ರಕ್ಕೆ ಭಾರ ಸಿಗುತ್ತಿತ್ತು, ಜೀಪು ಮೆಲ್ಲಗೆ ಹತ್ತಿಬಿಡುತ್ತಿತ್ತು. ಅದೇ ಜೀಪಿನಲ್ಲಿ ಹಾಸನಕ್ಕೆ ಮದುವೆಗೆ ಹೋಗಿ ಬಂದರೆ ಅಮ್ಮನಿಗೆ ಎರಡು ದಿನ ಸೊಂಟ ನೋವು. ಈ ಎರಡೂ ಒಂದೇ ಕಬ್ಬಿಣದ ಗುಣ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗೋದಿಲ್ಲ.

ಟೊಯೋಟಾ ಕೂಡ ಅಮೆರಿಕದಲ್ಲಿ 1979ರಿಂದ 1985ರವರೆಗೆ ಫೋರ್ ವೀಲ್ ಪಿಕಪ್ಪುಗಳನ್ನು ಮುಂದೆ ಸಾಲಿಡ್ ಆಕ್ಸಲ್ ಇಟ್ಟೇ ಮಾರಿತು. 1986ರ ಮಾಡೆಲ್‌ನಿಂದ ಅದನ್ನು ತೆಗೆದು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡೋ ಕಂಬಿ) ಇರೋ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೊಟ್ಟಿತು. ಪಿಕಪ್ ತಗೊಂಡವರಲ್ಲಿ ಬಹಳ ಜನ ಅದನ್ನು ಕಾರಿನ ಹಾಗೆ ದಿನಾ ಓಡಿಸುತ್ತಿದ್ದರು. ನೀವೂ ಅವರಲ್ಲೊಬ್ಬರು, ಅಲ್ವಾ? ನಿಮ್ಮ ಕೈಯಲ್ಲಿರೋದು ನಿಮ್ಮಂಥವರಿಗಾಗಿಯೇ ಬದಲಾಯಿಸಿದ ಟ್ರಕ್ಕು.

ಈಗ ಸಾಲಿಡ್ ಆಕ್ಸಲ್‌ನಿಂದ ನಿಜವಾಗಿ ಏನು ಸಿಗುತ್ತದೆ ಅಂತ ನೋಡೋಣ.

ಮೊದಲನೇದು ಆ ತಕ್ಕಡಿ ಗುಣ. ನಿಮ್ಮ ಟ್ರಕ್ಕಿನಲ್ಲಿ ಎಡಚಕ್ರ ಬಂಡೆ ಹತ್ತಿದಾಗ ಬಲಚಕ್ರಕ್ಕೆ ಅದರ ಸುದ್ದಿಯೇ ಇರೋದಿಲ್ಲ. ಅದು ತನ್ನ ಪಾಡಿಗೆ ಗಾಳಿಯಲ್ಲಿ ತೇಲುತ್ತದೆ. ಗಾಳಿಯಲ್ಲಿರೋ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ನಿಲ್ಲುತ್ತದೆ. ಇನ್ನೊಂದು, ನೆಲಕ್ಕೂ ಡಿಫರೆನ್ಷಿಯಲ್‌ಗೂ ಇರೋ ಅಂತರ. ಡಿಫರೆನ್ಷಿಯಲ್, ಚಿಕ್ಕದಾಗಿ ಡಿಫ್, ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚೋ ಗೇರುಗಳ ಗೂಡು. ನಿಮ್ಮಲ್ಲಿ ಮುಂದಿನ ಡಿಫ್ ಚಾಸಿಗೇ ಕಟ್ಟಿದೆ. ಸಮತಟ್ಟು ನೆಲದಲ್ಲಿ ನಿಂತಾಗ ಎತ್ತರದಲ್ಲೇ ಕಾಣುತ್ತದೆ. ಆದರೆ ಬಂಡೆಯಿಂದ ಕೆಳಗಿಳಿದು ಮೂಗು ಕುಸಿದಾಗ, ಸ್ಪ್ರಿಂಗ್ ಒತ್ತಿಕೊಂಡಷ್ಟೂ ಅದು ನೆಲದ ಕಡೆ ಬರುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಡಿಫ್ ಚಕ್ರದ ಜೊತೆಗೇ ಇರುತ್ತದೆ. 33 ಇಂಚಿನ ಟೈರು ಹಾಕಿದರೆ ಅದರ ಕೆಳಗೆ ಸುಮಾರು 10 ಇಂಚು ಜಾಗ, ಯಾವಾಗಲೂ ಅಷ್ಟೇ. ಯಾವ ಕಲ್ಲು ದಾಟುತ್ತದೆ, ಯಾವುದು ತಾಗುತ್ತದೆ ಅಂತ ಡ್ರೈವರಿಗೆ ಕಣ್ಣಲ್ಲೇ ಲೆಕ್ಕ ಸಿಗುತ್ತದೆ.

ಗಟ್ಟಿತನದ ಮಾತೂ ನಿಜ. ನಿಮ್ಮ ಮುಂದಿನ ಡಿಫ್‌ನ ದೊಡ್ಡ ಹಲ್ಲುಚಕ್ರ ಏಳೂವರೆ ಇಂಚಿನದು. ಹಳೇ ಸಾಲಿಡ್ ಆಕ್ಸಲ್‌ನಲ್ಲಿ ಅದು 8 ಇಂಚು, ನಿಮ್ಮ ಹಿಂದಿನ ಆಕ್ಸಲ್‌ನಲ್ಲಿ ಇರೋದೂ ಅದೇ 8 ಇಂಚಿನದು. ಒಂದೇ ಸ್ಪೇರ್ ಇಟ್ಟುಕೊಂಡರೆ ಮುಂದಕ್ಕೂ ಹಿಂದಕ್ಕೂ ಆಗುತ್ತದೆ. ಕಾಡಿನ ಮಧ್ಯೆ ಇದು ಸಣ್ಣ ಅನುಕೂಲ ಅಲ್ಲ.

ಎತ್ತರಿಸೋ ವಿಚಾರಕ್ಕೆ ಬಂದರೆ, ನಿಮ್ಮ ಸಸ್ಪೆನ್ಷನ್ ಎರಡು ಇಂಚಿನವರೆಗೆ ಸಹಿಸುತ್ತದೆ. ಅದಕ್ಕಿಂತ ಮೇಲೆ ಟಾರ್ಷನ್ ಬಾರ್ ತಿರುಗಿಸುತ್ತಾ ಹೋದರೆ ಸಿವಿ ಜಾಯಿಂಟಿನ (ಚಕ್ರ ಹೇಗೆ ತಿರುಗಿದರೂ ಶಕ್ತಿ ಮುಟ್ಟಿಸೋ ಕೀಲು) ಕೋನ ಜಾಸ್ತಿಯಾಗಿ ರಬ್ಬರ್ ಬೂಟು ಹರಿಯುತ್ತದೆ, ಚಕ್ರಕ್ಕೆ ಕೆಳಗಿಳಿಯೋಕೆ ಜಾಗ ಉಳಿಯೋದಿಲ್ಲ, ಸಣ್ಣ ಗುಂಡಿಗೂ ‘ಧಡ್’ ಅನ್ನುತ್ತದೆ. ನಾಲ್ಕು ಇಂಚು ಎತ್ತರಿಸೋ ಬ್ರಾಕೆಟ್ ಕಿಟ್ ಸಿಗುತ್ತದೆ. ಅದರಲ್ಲಿ ಡಿಫ್ ಮತ್ತು ಚಕ್ರ ಹಿಡಿದಿರೋ ಆರ್ಮುಗಳನ್ನೆಲ್ಲಾ ಕೆಳಗೆ ಇಳಿಸಿ ಕಟ್ಟುತ್ತಾರೆ. ಬಾಗಿಲು ಎತ್ತರಕ್ಕೆ ಹೋಗುತ್ತದೆ, ಹೊಟ್ಟೆ ಅಲ್ಲೇ ಇರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಇಷ್ಟೆಲ್ಲಾ ಒಳ್ಳೇದಿದ್ದರೂ ಯಾಕೆ ಬೇಡ ಅಂತೀನಿ?

ಒಂದು ಬೆಳಿಗ್ಗೆ ನೆನೆಸಿಕೊಳ್ಳಿ. ಜನವರಿ, ಏಳು ಗಂಟೆ, ಹೈವೇ ಮೇಲೆ 60 ಮೈಲಿ ವೇಗ. ಎಡಗಡೆ ಚಕ್ರ ಒಂದು ಗುಂಡಿಗೆ ಬೀಳುತ್ತದೆ. ಈಗಿನ ಟ್ರಕ್ಕಿನಲ್ಲಿ ಆ ಏಟು ಎಡಚಕ್ರಕ್ಕೇ ಮುಗಿಯುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಎಡಚಕ್ರ ಕೆಳಗಿಳಿದರೆ ಬಲಚಕ್ರವೂ ವಾಲುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಎಳೆಯುತ್ತದೆ. ಜೊತೆಗೆ ಡಿಫ್, ಹೌಸಿಂಗ್, ಒಳಗಿನ ಶಾಫ್ಟು ಎಲ್ಲಾ ಸೇರಿ ಆ ಇಡೀ ತೂಕ ಸ್ಪ್ರಿಂಗಿನ ಕೆಳಗೆ ಬಂತು. ಸ್ಪ್ರಿಂಗಿನ ಕೆಳಗೆ ತೂಕ ಹೆಚ್ಚಿದಷ್ಟೂ ಚಕ್ರ ರಸ್ತೆ ಬಿಟ್ಟು ಕುಣಿಯುವುದು ಜಾಸ್ತಿ, ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯೋದು ಕಷ್ಟ. ಒದ್ದೆ ರಸ್ತೆಯ ತಿರುವಿನಲ್ಲಿ, ಹಿಮ ಕರಗಿ ನೀರಾದಾಗ, ಇದು ಗೊತ್ತಾಗುತ್ತದೆ.

ಇದನ್ನು ಕಲಿತು ಒಗ್ಗಿಕೊಳ್ಳಬಹುದು. ನಾನು ಒಗ್ಗಿಕೊಂಡೆ. ಒಗ್ಗಿಕೊಳ್ಳಲಾಗದ್ದು ಇನ್ನೊಂದಿದೆ. ಅಮೆರಿಕದಲ್ಲಿ ಅದನ್ನು ಡೆತ್ ವಾಬಲ್, ಸಾವಿನ ಅದುರಾಟ ಅನ್ನುತ್ತಾರೆ.

ನನಗೆ ಅದು ಆದದ್ದು ಪರಿವರ್ತನೆ ಮುಗಿಸಿದ ನಾಲ್ಕನೇ ತಿಂಗಳು. ಒಂದು ಸೇತುವೆಯ ಮೇಲೆ 55 ಮೈಲಿಯಲ್ಲಿ ಹೋಗುತ್ತಿದ್ದೆ. ಪಕ್ಕದ ಸೀಟಿನಲ್ಲಿ ಮಗಳು. ಸೇತುವೆ ಮುಗಿಯೋ ಜಾಗದ ಕಬ್ಬಿಣದ ಜೋಡಣೆ ದಾಟಿದ್ದೇ ತಡ, ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಬಡಿದುಕೊಳ್ಳೋಕೆ ಶುರು ಮಾಡಿದವು. ಸ್ಟಿಯರಿಂಗ್ ನನ್ನ ಕೈ ಕಿತ್ತುಕೊಂಡು ಹೋಗುವ ಹಾಗೆ ಅದುರಿತು. ಡ್ಯಾಶ್‌ಬೋರ್ಡ್ ಮೇಲಿನ ಕನ್ನಡಕ ಹಾರಿ ಕೆಳಗೆ ಬಿತ್ತು. ಮೆಲ್ಲಗೆ ವೇಗ ಇಳಿಸುತ್ತಾ 20 ಮೈಲಿಗೆ ಬಂದ ಮೇಲೆ ತಾನಾಗಿ ನಿಂತಿತು. ರಸ್ತೆ ಬದಿಗೆ ನಿಲ್ಲಿಸಿದಾಗ ಮಗಳು ಬಾಯಿ ಬಿಡಲಿಲ್ಲ. ಬಾಗಿಲಿನ ಹಿಡಿ ಬಿಡೋಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದು ಜಾಕ್ ಕೊಟ್ಟು ನೋಡಿದೆ. ಈ ಟೊಯೋಟಾ ಆಕ್ಸಲ್‌ನ ತುದಿಯಲ್ಲಿ ನಕಲ್ ಇರುತ್ತದೆ, ಚಕ್ರ ತಿರುಗೋ ಕೀಲು. ಸ್ಟಿಯರಿಂಗ್ ಆರ್ಮನ್ನು ನಕಲ್‌ಗೆ ಹಿಡಿಯೋದು ನಾಲ್ಕು ಸ್ಟಡ್. ಅದರಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ಮೊದಲ ನೂರು ಮೈಲಿ ಆದ ಮೇಲೆ ಅವನ್ನು ಮತ್ತೆ ಟಾರ್ಕ್ ಮಾಡಬೇಕು. ನಾನು ಮಾಡಿದ್ದೆ. ಆಮೇಲೆ ಮೂರು ತಿಂಗಳು ನೋಡಿರಲಿಲ್ಲ. ನಕಲ್‌ನ ಮೇಲೂ ಕೆಳಗೂ ಒಂದೊಂದು ಬೇರಿಂಗ್ ಇದೆ. ಅದರ ಬಿಗಿ ಅಳೆಯೋಕೆ ಮೀನು ತೂಗೋ ಸ್ಪ್ರಿಂಗ್ ತಕ್ಕಡಿಯಂಥದೊಂದು ಸಾಕು. ಟೈ ರಾಡ್ (ಎರಡೂ ಚಕ್ರ ಜೋಡಿಸೋ ಸ್ಟಿಯರಿಂಗ್ ಸರಳು) ಬಿಚ್ಚಿ, ಆರ್ಮಿನ ತುದಿಗೆ ಕೊಕ್ಕೆ ಸಿಕ್ಕಿಸಿ ಎಳೆಯಬೇಕು. ನಕಲ್ ತಿರುಗೋಕೆ ಶುರುವಾಗುವಾಗ ತಕ್ಕಡಿಯ ಮುಳ್ಳು 3ರಿಂದ 6 ಕೆಜಿ ನಡುವೆ ಇರಬೇಕು. ನನ್ನದು ಒಂದನ್ನೂ ದಾಟಲಿಲ್ಲ. ತೆಳು ಶಿಮ್ (ಬಿಗಿ ಹೊಂದಿಸೋ ತಗಡಿನ ಬಿಲ್ಲೆ) ಬದಲಿಸಿ ಸರಿ ಮಾಡೋಕೆ ಒಂದು ಇಡೀ ಶನಿವಾರ ಹೋಯಿತು.

ಈ ಅದುರಾಟಕ್ಕೆ ತುಂಬಾ ಜನ ಸ್ಟಿಯರಿಂಗ್ ಡ್ಯಾಂಪರ್ (ಅದುರು ತಡೆಯೋ ಶಾಕ್ ಅಬ್ಸಾರ್ಬರ್) ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ಜ್ವರಕ್ಕೆ ಒದ್ದೆಬಟ್ಟೆ ಹಾಕಿದ ಹಾಗೆ. ಎಲ್ಲೋ ಒಂದು ಜಾಯಿಂಟ್ ಸವೆದಿದೆ, ಅಥವಾ ಕೋನ ತಪ್ಪಿದೆ. ಅದನ್ನು ಹುಡುಕಲೇಬೇಕು. ಹಾಗಾಗಿ ಸಾಲಿಡ್ ಆಕ್ಸಲ್ ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಟ್ರಕ್ಕಿನ ಕೆಳಗೆ ಮಲಗೋದು ನಿಮ್ಮ ಜೀವನದ ಭಾಗ ಆಗುತ್ತದೆ. ಅಪ್ಪ ಪ್ರತಿ ಶನಿವಾರ ಜೀಪಿನ ಸ್ಪ್ರಿಂಗ್ ತುದಿ ಹಿಡಿಯೋ ಶ್ಯಾಕಲ್‌ಗೆ ಗ್ರೀಸ್ ಹೊಡೆಯುತ್ತಿದ್ದುದು ಸುಮ್ಮನೆ ಆಗಿರಲಿಲ್ಲ.

ಇನ್ನು ಆ 12,000 ಡಾಲರ್ ಕೊಟೇಶನ್. ದರ ಹೆಚ್ಚೋ ಕಡಿಮೆಯೋ ಅನ್ನೋದಕ್ಕಿಂತ, ಅದರೊಳಗೆ ಏನೇನಿದೆ ಅನ್ನೋದು ಮುಖ್ಯ. ಮುಂದೊಂದು ದಿನ ನೀವು ಹಾಕಿಸೋದೇ ಆದರೆ ಗ್ಯಾರೇಜಿಗೆ ಕೇಳಬೇಕಾದ್ದನ್ನು ಈಗಲೇ ಬರೆಯುತ್ತೇನೆ.

ಅವರು ಹಾಕೋ ಆಕ್ಸಲ್ ಯಾವುದು? 1979ರಿಂದ 1985ರವರೆಗಿನ ಟೊಯೋಟಾದ್ದೇ ಆದರೆ ಒಂದು ವಿಷಯದಲ್ಲಿ ಒಳ್ಳೇದು. ಅದರ ಡಿಫ್ ಬಲಗಡೆ ಇದೆ, ನಿಮ್ಮ ಟ್ರಾನ್ಸ್‌ಫರ್ ಕೇಸಿನ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಪೆಟ್ಟಿಗೆ) ಮುಂದಿನ ಶಾಫ್ಟೂ ಬಲಗಡೆಯೇ ಬರುತ್ತದೆ. ಚಕ್ರದ ಆರು ಬೋಲ್ಟಿನ ಅಳತೆಯೂ ಒಂದೇ. ಆದರೆ ಆ ಆಕ್ಸಲ್‌ಗಳಲ್ಲಿ ತೀರಾ ಹೊಸದಕ್ಕೂ ಈಗ ನಲವತ್ತು ವರ್ಷ ವಯಸ್ಸು. ಬೇರಿಂಗು, ಸೀಲು, ಬರ್ಫೀಲ್ಡ್ ಜಾಯಿಂಟು (ಸಿವಿಯಂಥದೇ ಕೀಲು) ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟುತ್ತಾರಾ, ಇಲ್ಲಾ ಗುಜರಿಯಿಂದ ತಂದದ್ದನ್ನು ತೊಳೆದು ಬಣ್ಣ ಹೊಡೆದು ಕೂರಿಸುತ್ತಾರಾ? ಒಳಗಿನ ಸೀಲ್ ಹೋದರೆ ಗೇರ್ ಆಯಿಲ್ ನಕಲ್‌ಗೆ ಇಳಿದು ಗ್ರೀಸ್ ಜೊತೆ ಸೇರಿ ಕಪ್ಪು ಸಾರಿನಂತಾಗುತ್ತದೆ, ಟೈರಿನ ಒಳಬದಿಗೆ ಸುರಿಯುತ್ತದೆ. ಹಳೇ ಆಕ್ಸಲ್ ಇಟ್ಟವರಿಗೆಲ್ಲಾ ಆ ವಾಸನೆ ಗೊತ್ತು.

ಅಗಲದ ವ್ಯತ್ಯಾಸ ಏನು ಮಾಡುತ್ತಾರೆ? ಹಳೇ ಮುಂದಿನ ಆಕ್ಸಲ್ ನಿಮ್ಮ ಹಿಂದಿನ ಆಕ್ಸಲ್‌ಗಿಂತ ಸುಮಾರು ಮೂರು ಇಂಚು ಕಿರಿದು. ಹಾಗೇ ಬಿಟ್ಟರೆ ಮುಂದೆ ಕಿರಿದು, ಹಿಂದೆ ಅಗಲ. ಚಕ್ರ ಕೂರೋ ನಿಮ್ಮ ಈಗಿನ ಹಬ್ಬುಗಳನ್ನೇ ಆ ಆಕ್ಸಲ್‌ಗೆ ಹಾಕಿದರೆ ಒಂದೊಂದು ಕಡೆ ಒಂದೂವರೆ ಇಂಚು ಸಿಕ್ಕಿ ಸಮ ಆಗುತ್ತದೆ, ದಪ್ಪದ, ಗಾಳಿಯಾಡೋ ಬ್ರೇಕ್ ಡಿಸ್ಕೂ ಉಳಿಯುತ್ತದೆ. ಇದು ಗೊತ್ತಿರುವ ಗ್ಯಾರೇಜ್ ಕೇಳೋ ಮೊದಲೇ ಹೇಳುತ್ತದೆ.

ಸ್ಟಿಯರಿಂಗ್ ಹೇಗೆ? ಇದು ಅತಿ ಮುಖ್ಯ. ಆ ಹಳೇ ಟ್ರಕ್ಕುಗಳಲ್ಲಿ ಸ್ಟಿಯರಿಂಗ್ ಬಾಕ್ಸ್ ಒಂದು ಸರಳನ್ನು ಹಿಂದೆ ಮುಂದೆ ತಳ್ಳುತ್ತಿತ್ತು. ಸ್ಪ್ರಿಂಗ್ ಒತ್ತಿಕೊಂಡಾಗ ಆಕ್ಸಲ್ ಕೂಡ ಹಿಂದೆ ಮುಂದೆ ಜರುಗುತ್ತದಲ್ಲ. ಹಾಗಾಗಿ ಗುಂಡಿ ಸಿಕ್ಕಾಗಲೆಲ್ಲಾ ನೀವು ತಿರುಗಿಸದೆಯೇ ಚಕ್ರ ತಿರುಗುತ್ತಿತ್ತು. ಹೈವೇಗೆ ಅದು ಆಗದು. ನಿಮ್ಮ ಈಗಿನ ಪವರ್ ಸ್ಟಿಯರಿಂಗ್ ಬಾಕ್ಸನ್ನೇ ಚಾಸಿಗೆ ಬೇರೆ ಜಾಗದಲ್ಲಿ ಕೂರಿಸಿ, ಸರಳು ಅಡ್ಡಡ್ಡ ಎಡದಿಂದ ಬಲಕ್ಕೆ ಹೋಗೋ ಹಾಗೆ, ನಕಲ್‌ನ ಮೇಲ್ಗಡೆ ಆರ್ಮ್ ಇಟ್ಟು ಮಾಡಬೇಕು. ಕ್ರಾಸ್‌ಓವರ್ ಸ್ಟಿಯರಿಂಗ್ ಅಂತಾರೆ. ಕೊಟೇಶನ್‌ನಲ್ಲಿ ಆ ಪದ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕ್ಯಾಸ್ಟರ್ ಕೋನ ಎಷ್ಟು ಇಡುತ್ತಾರೆ? ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಹಿಂದಕ್ಕೆ ಒರಗಿರುತ್ತದೆ, ಅದಕ್ಕೇ ಕೈ ಬಿಟ್ಟರೂ ನೆಟ್ಟಗೆ ಹೋಗುತ್ತದೆ. ಟ್ರಕ್ಕಿಗೂ ಆ ಒರಗು ಬೇಕು. ಗಾಡಿ ಎತ್ತರಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಸರಿ ಮಾಡೋಕೆ ಆಕ್ಸಲನ್ನು ಮೇಲ್ಮುಖ ತಿರುಗಿಸಿದರೆ ಕ್ಯಾಸ್ಟರ್ ಕಡಿಮೆ ಆಗುತ್ತದೆ. ಕ್ಯಾಸ್ಟರ್ ಉಳಿಸೋಕೆ ಹೋದರೆ ಶಾಫ್ಟ್ ಗುಂಯ್‌ಗುಡುತ್ತದೆ. ಎರಡೂ ಸರಿ ಬೇಕೆಂದರೆ ಆಕ್ಸಲ್‌ನ ತುದಿ ಕತ್ತರಿಸಿ, ತಿರುಗಿಸಿ, ಮತ್ತೆ ವೆಲ್ಡ್ ಮಾಡಬೇಕು. ಸಾಕಷ್ಟು ಗ್ಯಾರೇಜುಗಳು ಈ ಕೆಲಸ ಬಿಟ್ಟುಬಿಡುತ್ತವೆ. ಆಮೇಲೆ ಗಿರಾಕಿ ಬಂದು ‘ಹೈವೇಯಲ್ಲಿ ಟ್ರಕ್ ಅಲೆದಾಡುತ್ತೆ’ ಅಂತಾನೆ.

ಸ್ಪ್ರಿಂಗಿನ ಶ್ಯಾಕಲ್ ಹಿಂದಿನ ತುದಿಯಲ್ಲಿರಲಿ. ಆಗ ಚಕ್ರ ಕಲ್ಲಿಗೆ ಬಡಿದಾಗ ಆಕ್ಸಲ್ ಹಿಂದಕ್ಕೆ ಸರಿದು ಏಟು ಮೆದುವಾಗುತ್ತದೆ. ಮುಂದಿನ ಡಿಫ್‌ನ ಗೇರ್ ಅನುಪಾತ ಹಿಂದಿನದಕ್ಕೆ ಸರಿ ಹೊಂದಲೇಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಆಕ್ಸಲ್ ಜಗ್ಗಾಡಿಕೊಂಡು ಏನಾದರೊಂದು ಮುರಿಯುತ್ತದೆ.

ಈ ಎಲ್ಲಾ ಪ್ರಶ್ನೆಗೂ ತೃಪ್ತಿಯ ಉತ್ತರ ಬಂದರೂ ಇನ್ನೊಂದು ಉಳಿದಿದೆ. ನಿಮ್ಮ ಚಾಸಿ ಹೇಗಿದೆ? ಕೊಲರಾಡೋದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಮೆಗ್ನೀಷಿಯಂ ಕ್ಲೋರೈಡ್ ಸಿಂಪಡಿಸುತ್ತಾರೆ. ಮೂವತ್ತು ವರ್ಷದ ಟ್ರಕ್ಕು ಅದು. ಈ ಕೆಲಸದಲ್ಲಿ ಹಳೇ ಆರ್ಮುಗಳ ಬ್ರಾಕೆಟ್ಟೆಲ್ಲಾ ಕತ್ತರಿಸಿ ತೆಗೆದು, ಸ್ಪ್ರಿಂಗಿನ ಹೊಸ ಹಿಡಿಗಳನ್ನು ಚಾಸಿಗೆ ವೆಲ್ಡ್ ಮಾಡುತ್ತಾರೆ. ಮುಂದಿನ ಇಡೀ ಭಾರ ಆ ವೆಲ್ಡಿಂಗ್ ಮೇಲೆ. ಸಣ್ಣ ಸುತ್ತಿಗೆ ತಗೊಂಡು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಮಂಕಾಗಿ ಡಬ್ ಅನ್ನುತ್ತದೆ, ಒಳಗಿನಿಂದ ಪುಡಿ ಉದುರುತ್ತದೆ. ಡಬ್ ಅಂದರೆ ಆಕ್ಸಲ್ ಮಾತೇ ಬೇಡ, ಮೊದಲು ಚಾಸಿ. ಒಂದು ಸಲ ಕತ್ತರಿಸಿದ ಮೇಲೆ ಹಳೇ ಸಸ್ಪೆನ್ಷನ್ ವಾಪಸ್ ಬರೋದಿಲ್ಲ ಅನ್ನೋದೂ ನೆನಪಿರಲಿ.

ಈಗ ನೀವು ಬರೆದ ಆ ಮೋಆಬ್ ಬಂಡೆಗೆ ಬರೋಣ. ಅಲ್ಲಿ ನಿಮ್ಮನ್ನು ನಿಲ್ಲಿಸಿದ್ದು ಏನು? ಮುಂದಿನ ಸಸ್ಪೆನ್ಷನ್ನಾ? ನೀವು ಬರೆದಿಲ್ಲ. ನೆನಪು ಮಾಡಿಕೊಳ್ಳಿ. ಒಂದು ಹಿಂದಿನ ಚಕ್ರ ಸುಮ್ನೆ ತಿರುಗುತ್ತಿತ್ತಾ? ಹಾಗಿದ್ದರೆ ನಿಮಗೆ ಬೇಕಿರೋದು ಹಿಂದಿನ ಡಿಫ್‌ಗೆ ಲಾಕರ್. ಎಡ ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಬೀಗ ಹಾಕೋದು ಅದು. ಎಂಜಿನ್ ಉಸಿರು ಕಟ್ಟಿ ನಿಂತಿತಾ, ಕ್ಲಚ್ ವಾಸನೆ ಬಂತಾ? ಹಾಗಿದ್ದರೆ ಬೇಕಿರೋದು ಗೇರು. ಹೊಟ್ಟೆ ತಾಗಿತಾ? ಹಾಗಿದ್ದರೆ ಟೈರು, ಇಲ್ಲಾ ದಾರಿ ಆರಿಸೋದರಲ್ಲಿ ಸ್ವಲ್ಪ ಅಭ್ಯಾಸ. ನನ್ನ ಹತ್ತಿರ ಬರೋರನ್ನು ಹೀಗೆ ಕೂರಿಸಿ ಕೇಳಿದಾಗ ಮುಂದಿನ ಸಸ್ಪೆನ್ಷನ್ನೇ ಕಾರಣ ಅನ್ನೋ ಉತ್ತರ ಅಪರೂಪಕ್ಕೆ ಬರುತ್ತದೆ.

ಗೇರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಟ್ರಕ್ಕಿನ ನಿಜವಾದ ಕೊರತೆ ಇಲ್ಲಿದೆ ಅಂತ ನನ್ನ ನಂಬಿಕೆ. 22ಆರ್‌ಇ ಎಂಜಿನ್ ಹೊಸದಿದ್ದಾಗ 116 ಅಶ್ವಶಕ್ತಿ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್ 5,280 ಅಡಿ ಎತ್ತರದಲ್ಲಿದೆ. ಮನೆ ಬಾಗಿಲಲ್ಲೇ ನೂರಕ್ಕಿಂತ ಕಡಿಮೆ ಉಳಿಯಿತು. ಯೂರೇ ಹತ್ತಿರದ ಇಮೋಜೀನ್ ಪಾಸ್ 13,114 ಅಡಿ. ಅಲ್ಲಿ ಎಪ್ಪತ್ತರ ಆಸುಪಾಸು. ಅದರ ಮೇಲೆ ದೊಡ್ಡ ಟೈರು, ಭಾರದ ಆಕ್ಸಲ್ ಹೇರಿದರೆ ಪಾಪ, ಆ ಎಂಜಿನ್ ಏನು ಮಾಡೀತು?

ನಿಮ್ಮ ಟ್ರಕ್ಕಿನಲ್ಲಿ ಫ್ಯಾಕ್ಟರಿ ಗೇರುಗಳೇ ಇವೆ ಅಂತ ಇಟ್ಟುಕೊಳ್ಳೋಣ. ಮೊದಲ ಗೇರ್ 3.95, ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರು) 2.28, ಡಿಫ್ 4.10. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಬಂಡೆ ಹತ್ತೋಕೆ ಇದು ಅವಸರದ ಗೇರು. ಹಾಗಾಗಿ ನೀವು ಕ್ಲಚ್ ಒತ್ತುತ್ತಾ, ವೇಗದ ಮೇಲೆ ಹಾರಿಸೋಕೆ ನೋಡುತ್ತೀರಿ, ಗಾಡಿ ಕುಪ್ಪಳಿಸುತ್ತದೆ, ಹಿಡಿತ ತಪ್ಪುತ್ತದೆ. ಟ್ರಾನ್ಸ್‌ಫರ್ ಕೇಸಿನ ಒಳಗೆ 4.7ರ ಗೇರ್ ಸೆಟ್ ಕೂರಿಸಿದರೆ ಆ 37 ಒಂದೇ ಸಲಕ್ಕೆ 76 ಆಗುತ್ತದೆ. ನಡೆಯೋ ಮನುಷ್ಯನಿಗಿಂತ ನಿಧಾನ, ಕಾಲು ಆಕ್ಸಿಲರೇಟರ್ ಮೇಲಿಲ್ಲದೆಯೂ ಹತ್ತುತ್ತದೆ. ಒಂದು ಸಲ ಓಡಿಸಿ ನೋಡಿದರೆ ಇದೇ ಟ್ರಕ್ಕಾ ಅನಿಸುತ್ತದೆ. ಇದರ ದೊಡ್ಡ ಗುಣ ಏನಂದರೆ, ಹೈವೇಯಲ್ಲಿ ಇದು ಇದೆ ಅನ್ನೋದೇ ಗೊತ್ತಾಗೋದಿಲ್ಲ. ಲೋ ಹಾಕಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಸೋಮವಾರ ಬೆಳಿಗ್ಗೆಗೆ ಒಂದು ಚೂರೂ ನಷ್ಟ ಇಲ್ಲ. ಲಾಕರ್ ಕೂಡ ಹಾಗೆಯೇ, ಬೇಕಾದಾಗ ಸ್ವಿಚ್ ಒತ್ತಿ ಹಾಕಿಕೊಳ್ಳುವಂಥದ್ದನ್ನು ಆರಿಸಿದರೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಮೊದಲು ಮುಂದಿನ ಸ್ಟಿಯರಿಂಗನ್ನು ಸರಿ ಮಾಡಿಸಿ, ಕೆಲವು ನೂರು ಡಾಲರ್ ಸಾಕು. ಆಮೇಲೆ ಹಿಂದಿನ ಲಾಕರ್. ಆಮೇಲೆ ಆ 4.7 ಗೇರು. ಬದಿಗೆ ಸ್ಲೈಡರ್ ಕಂಬಿ, ಬಾಗಿಲ ಕೆಳಗಿನ ತಗಡು ಉಳಿಯೋಕೆ. 33 ಟೈರು ಬೇಕೇ ಬೇಕು ಅನಿಸಿದರೆ ಎರಡೂ ಡಿಫ್‌ಗೆ 4.88 ಗೇರ್ ಹಾಕಿಸಿಯೇ ಹಾಕಿ. ಅದಿಲ್ಲದೆ ಹೈವೇ ಏರಿನಲ್ಲಿ ಐದನೇ ಗೇರ್ ಅನ್ನೋದು ಮರೆತೇಹೋಗುತ್ತದೆ. ಟೈರು, 4.88 ಎಲ್ಲಾ ಸೇರಿದರೂ ನನ್ನ ಅಂದಾಜಿನಲ್ಲಿ ಆ 12,000ದ ಅರ್ಧಕ್ಕಿಂತ ಹೆಚ್ಚು ದೂರ ಹೋಗೋದಿಲ್ಲ. ಒಂದೊಂದಾಗಿ ಮಾಡಿಸಬಹುದು, ಒಂದೊಂದೂ ಒಂದು ವಾರಾಂತ್ಯದ ಕೆಲಸ. ಸಾಲಿಡ್ ಆಕ್ಸಲ್ ಹಾಗಲ್ಲ. ನಾನು ಐದು ವಾರಾಂತ್ಯ ಅಂತ ಶುರು ಮಾಡಿದ್ದು ಐದು ತಿಂಗಳು ಹಿಡಿಯಿತು. ನನಗೆ ಆಗ ಬೇರೆ ಕಾರ್ ಇತ್ತು. ನಿಮಗೆ ಇಲ್ಲ.

ಹಾಗಾದರೆ ಯಾವಾಗ ಹಾಕಿಸಬಹುದು? ಮನೆಯಲ್ಲಿ ಇನ್ನೊಂದು ಗಾಡಿ ಬಂದ ದಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಳೇದೊಂದು ಕೊರೊಲಾ ಸಾಕು. ಲಾಕರ್, ಗೇರು ಎಲ್ಲಾ ಹಾಕಿಸಿ ಒಂದೆರಡು ವರ್ಷ ಓಡಿಸಿದ ಮೇಲೂ ಮುಂದಿನ ಚಕ್ರ ಗಾಳಿಯಲ್ಲಿ ತೇಲಿಯೇ ನೀವು ನಿಲ್ಲುತ್ತಿದ್ದರೆ, ಸಿವಿ ಜಾಯಿಂಟುಗಳನ್ನು ಮತ್ತೆ ಮತ್ತೆ ಮುರಿಯುತ್ತಿದ್ದರೆ, 35 ಇಂಚಿನ ಟೈರು ಬೇಕಾಗೋ ದಾರಿಗಳಿಗೇ ಹೋಗುತ್ತಿದ್ದರೆ ಹಾಕಿಸಿ, ಸಂತೋಷದಿಂದ ಹಾಕಿಸಿ. ಅಷ್ಟು ಹೊತ್ತಿಗೆ ನಿಮಗೆ ಟ್ರಕ್ಕಿನ ಕೆಳಗೆ ಮಲಗೋದೂ ಅಭ್ಯಾಸ ಆಗಿರುತ್ತದೆ. ಆಗ ಹಿಂದಿನ ಲಾಕರೂ ಟ್ರಾನ್ಸ್‌ಫರ್ ಕೇಸಿನ ಗೇರೂ ಹಾಗೇ ಬಳಕೆಗೆ ಬರುತ್ತವೆ, ಈಗ ಹಾಕಿದ ದುಡ್ಡು ಎಲ್ಲೂ ಹೋಗೋದಿಲ್ಲ. ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿ, ನಿಮ್ಮ ರಾಜ್ಯದ ನಿಯಮ ಕೇಳಿಕೊಳ್ಳಿ.

ಹೊಸ ಟ್ರಕ್ ಇಟ್ಟಿರೋ ಓದುಗರಿಗೆ ಒಂದು ಮಾತು. 2012ರ ಮಾಡೆಲ್‌ನಿಂದ ಅಮೆರಿಕದಲ್ಲಿ ಎಲ್ಲಾ ಕಾರು, ಹಗುರ ಪಿಕಪ್ಪುಗಳಿಗೂ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಗಾಡಿ ಜಾರಿದಾಗ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಹಾಕಿ ಹಿಡಿಯೋ ವ್ಯವಸ್ಥೆ ಅದು. ಅದರ ಲೆಕ್ಕಾಚಾರ ಫ್ಯಾಕ್ಟರಿಯ ಸಸ್ಪೆನ್ಷನ್ನಿಗೆ ಹೊಂದಿಸಿದ್ದು. ದಿನಾ ಓಡಿಸೋ ಅಂಥ ಗಾಡಿಯ ಮುಂಭಾಗ ಕತ್ತರಿಸೋದು ನನಗೆ ಒಪ್ಪಿಗೆ ಇಲ್ಲ.

ಊರಿನಿಂದ ಬರೆಯೋರಿಗೂ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಥಾರ್, ಬೊಲೆರೊ ಇಟ್ಟವರೂ ಇದನ್ನೇ ಕೇಳುತ್ತಾರೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸಾಲಿಡ್ ಆಕ್ಸಲ್ಲೇ ಬೇಕೆಂದರೆ ಫ್ಯಾಕ್ಟರಿಯಿಂದಲೇ ಅದಿರೋ ಗಾಡಿ ತಗೊಳ್ಳಿ. ಹಳೇ ಜಿಪ್ಸಿಗೆ ಮುಂದೆ ಹಿಂದೆ ಲೀಫ್ ಸ್ಪ್ರಿಂಗ್ ಮೇಲಿನ ಸಾಲಿಡ್ ಆಕ್ಸಲ್ ಇತ್ತು. 2023ರಲ್ಲಿ ಬಂದ ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್ ಜೊತೆ ಎರಡೂ ಕಡೆ ಇದೆ.

ಮತ್ತೆ ನಿಮ್ಮ ಟ್ರಕ್ಕಿಗೆ. ಈ ಶನಿವಾರ ಒಂದು ಕೆಲಸ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬಲಗಡೆ ಚಾಸಿಯ ಒಳಮಗ್ಗುಲಲ್ಲಿ ಐಡ್ಲರ್ ಆರ್ಮ್ ಇರುತ್ತದೆ, ಸ್ಟಿಯರಿಂಗ್ ಸರಳುಗಳ ಆ ಕಡೆ ತುದಿ ಹಿಡಿಯೋ ತೋಳು. ಈ ಟ್ರಕ್ಕುಗಳಲ್ಲಿ ಮೊದಲು ಸವೆಯೋದೇ ಅದು. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಣ್ಣಿಗೆ ಕಾಣೋಷ್ಟು ಆಡಿದರೆ ಬದಲಿಸಿ, ಜೊತೆಗೆ ಅದಕ್ಕೊಂದು ಬಲಪಟ್ಟಿಯನ್ನೂ ಹಾಕಿಸಿ. ಆಮೇಲೆ ಬಾಲ್ ಜಾಯಿಂಟು, ಸಿವಿ ಬೂಟು, ಕೊನೆಗೆ ಸುತ್ತಿಗೆ ಹಿಡಿದು ಚಾಸಿ. ಚಾಸಿ ಟಣ್ ಅಂತೋ ಡಬ್ ಅಂತೋ ನನಗೆ ಬರೆದು ತಿಳಿಸಿ. ಲಾಕರ್ ಯಾವುದು ಅನ್ನೋದನ್ನು ಅದರ ಮೇಲೆ ನೋಡಿ ಹೇಳುತ್ತೇನೆ.